ಎಂದಿನಂತೆ ಒಬ್ಬರೇ

ಸಂಪುಟ ಮೇಜಿನ ಮೇಲೆ ಬಂದು ಕೂತದ್ದು ಸೋಮವಾರ. ಗುರುವಾರ ಬೆಳಿಗ್ಗೆಯ ತನಕ ಅವನು ಅದನ್ನು ಮುಟ್ಟಲಿಲ್ಲ. ಮುಟ್ಟಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಅದರ ಮೇಲೆ ಚಹದ ಲೋಟ ಇಟ್ಟಿದ್ದ, ಕನ್ನಡಕದ ಡಬ್ಬಿ ಇಟ್ಟಿದ್ದ, ಒಂದು ಮಧ್ಯಾಹ್ನ ಮೊಣಕೈ ಊರಿಕೊಂಡು ಅದರ ಮೇಲೆಯೇ ತೂಕಡಿಸಿಯೂ ಇದ್ದ. ತೆರೆದಿರಲಿಲ್ಲ, ಅಷ್ಟೆ. ನಿಘಂಟು ಕಚೇರಿಯ ಎರಡನೆಯ ಮಹಡಿಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂರುವ ಈ ಮನುಷ್ಯನನ್ನು ಎಲ್ಲರೂ ಭೂತಗನ್ನಡಿ ಎಂದೇ ಕರೆಯುತ್ತಿದ್ದರು; ಎದುರಿಗೆ ಕರೆಯುವಾಗ ಮಾತ್ರ ಮರ್ಯಾದೆಗೆ ಒಂದು ‘ಯವರೇ’ ಸೇರುತ್ತಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಬರೆದ ಚೀಟಿಗಳಲ್ಲಿ ಒಂದು ಒತ್ತಕ್ಷರ ಹೆಚ್ಚುಕಡಿಮೆಯಾದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೆಲಸ ಎದೆಯುಬ್ಬಿಸಿ ಹೇಳಿಕೊಳ್ಳುವಂಥದ್ದಲ್ಲ. ಒಂದು ಪದ ಕೊಡುತ್ತಾರೆ. ಹಳೆಯ ದಿನಪತ್ರಿಕೆ, ಮಾಸಪತ್ರಿಕೆಗಳನ್ನು ವರ್ಷಕ್ಕೊಂದು ಸಂಪುಟವಾಗಿ ರಟ್ಟು ಕಟ್ಟಿಸಿ ಇಟ್ಟಿದ್ದಾರಲ್ಲ, ಅವುಗಳಲ್ಲಿ ಆ ಪದ ಎಲ್ಲೆಲ್ಲಿ ಬಂದಿದೆಯೆಂದು ಹುಡುಕಬೇಕು. ಸಿಕ್ಕ ವಾಕ್ಯವನ್ನು ಇದ್ದದ್ದು ಇದ್ದ ಹಾಗೆ ಅಂಗೈಯಗಲದ ಚೀಟಿಗೆ ಇಳಿಸಿ, ಕೆಳಗೆ ತಾರೀಖು, ಪುಟ ಹಾಕಿ ಸಹಿ ಮಾಡಬೇಕು. ವರ್ಷಗಳು ಸರದಿಯ ಮೇಲೆ ಹಂಚಿಹೋಗುತ್ತವೆ. ಆ ಒಂದು ವರ್ಷ ತನ್ನ ಪಾಲಿಗೆ ಬಂದಾಗಲೆಲ್ಲ ಅವನು ಪಕ್ಕದ ಮೇಜಿನವರೊಡನೆ ಅದಲುಬದಲು ಮಾಡಿಕೊಳ್ಳುತ್ತಿದ್ದ. ‘ಆ ವರ್ಷದ ಧೂಳು ನನಗೆ ಆಗಿಬರಲ್ಲ, ಸೀನು ಹತ್ತುತ್ತೆ’ ಎನ್ನುತ್ತಿದ್ದ. ವರ್ಷಕ್ಕೊಂದು ಬಗೆಯ ಧೂಳೇ ಎಂದು ಮೊದಮೊದಲು ನಕ್ಕವರು ಆಮೇಲೆ ಅದನ್ನೂ ಅವನ ಕನ್ನಡಕದ ಹಾಗೆ ಒಪ್ಪಿಕೊಂಡುಬಿಟ್ಟಿದ್ದರು. ಪಕ್ಕದ ಮೇಜಿನವರು ಹೋದ ತಿಂಗಳು ನಿವೃತ್ತರಾದರು. ಈಗ ಅಲ್ಲಿ ಒಂದು ಹೂದಾನಿ ಇದೆ, ಹೂವಿಲ್ಲ.

ಈ ಸಲದ ಪದ ‘ಎಂದಿನಂತೆ’. ಇಂಥ ಪದಕ್ಕೆ ಹುಡುಕಾಟ ಬೇರೆ ಕೇಡು ಎಂದು ಮೊದಲ ದಿನ ಅನ್ನಿಸಿತ್ತು. ತೀರ ಹಳೆಯ ಮಾಸಪತ್ರಿಕೆಗಳಲ್ಲಿ ಅದು ದೊಡ್ಡವರ ಸಭೆಗಳಲ್ಲಿ ಓಡಾಡಿಕೊಂಡಿತ್ತು. ಸಭೆಯು ಎಂದಿನಂತೆ ಪ್ರಾರ್ಥನೆಯೊಡನೆ ಆರಂಭವಾಯಿತು. ಅಧ್ಯಕ್ಷರು ಎಂದಿನಂತೆ ಕೊಂಚ ತಡವಾಗಿ ದಯಮಾಡಿಸಿದರು. ಚಂದಾದಾರರಿಗೆ ವಿಜ್ಞಾಪನೆ, ಪತ್ರಿಕೆಯು ಎಂದಿನಂತೆ ಹದಿನೈದನೆಯ ತಾರೀಖಿಗೆ ಹೊರಡುವುದು. ಹಾಗೆ ಬರೆದ ಮೇಲೆ ಮುಂದಿನ ಸಂಚಿಕೆಯೇ ಇರುವುದಿಲ್ಲ, ಪತ್ರಿಕೆ ಕಣ್ಣುಮುಚ್ಚಿರುತ್ತದೆ. ‘ನಮ್ಮ ಅಂಗಡಿಯು ಎಂದಿನಂತೆ ತೆರೆದಿರುತ್ತದೆ’ ಎಂಬ ಜಾಹೀರಾತು ಬರುವುದು ಯಜಮಾನ ತೀರಿಕೊಂಡ ವಾರ. ಧಾರಾವಾಹಿಯ ನಾಯಕಿ ಎಂದಿನಂತೆ ಕಿಟಕಿಯ ಬಳಿ ಕೂತಳೆಂದರೆ ಆ ಕಂತಿನ ಕೊನೆಗೆ ಟೆಲಿಗ್ರಾಮು ಬಂತೆಂದೇ ಲೆಕ್ಕ. ವರ್ಷಗಳು ಕಳೆದ ಹಾಗೆ ಪದ ಸಭೆಗಳನ್ನು ಬಿಟ್ಟು ಒಳಪುಟದ ಸಣ್ಣಕ್ಷರಗಳಿಗೆ ಇಳಿಯಿತು. ಎಂದಿನಂತೆ ಕೆಲಸಕ್ಕೆ ಹೋದ ಕಾರ್ಮಿಕ. ಎಂದಿನಂತೆ ಬಟ್ಟೆ ಒಗೆಯಲು ಹೋದ ಹೆಂಗಸು. ಎಂದಿನಂತೆ ಉಂಡು ಮಲಗಿದ ಮುದುಕ. ಇನ್ನೂರ ಏಳು ಚೀಟಿ ಬರೆದ ಮೇಲೆ ಅವನಿಗೆ ಅರ್ಥವಾದದ್ದು ಇಷ್ಟೇ: ದಿನ ನಿಜಕ್ಕೂ ಎಂದಿನಂತೆ ಇದ್ದಿದ್ದರೆ ಯಾರೂ ಅದನ್ನು ಅಚ್ಚು ಹಾಕಿಸುವುದಿಲ್ಲ. ಇದನ್ನು ಒಂದು ಸಂಜೆ ಅತ್ತಿಗೆಗೆ ಹೇಳಿದಾಗ ಅವಳು ಸೂಜಿಗೆ ದಾರ ಪೋಣಿಸುತ್ತ, ‘ಇದನ್ನ ಕಂಡುಹಿಡಿಯೋಕೆ ನಿನಗೆ ಸಂಬಳ ಬೇರೆ ಕೊಡ್ತಾರೆ’ ಎಂದಿದ್ದಳು.

ಗುರುವಾರ ಹನ್ನೊಂದು ಗಂಟೆಗೆ, ಚಹ ಬರುವ ಮುಂಚೆ, ಸಂಪುಟ ತೆರೆದ. ಧೈರ್ಯ ಬಂದಿತೆಂದಲ್ಲ. ಏನೂ ಅನ್ನಿಸಲಿಲ್ಲ, ಅದಕ್ಕೇ ತೆರೆದ. ತಾರೀಖು ಹುಡುಕಬೇಕಾಗಿರಲಿಲ್ಲ, ಬೆರಳಿಗೇ ಗೊತ್ತಿತ್ತು. ಆದರೂ ಕ್ರಮ ತಪ್ಪಬಾರದೆಂದು ವರ್ಷದ ಮೊದಲ ದಿನದಿಂದ ಒಂದೊಂದೇ ಹಾಳೆ ತಿರುವುತ್ತ ಬಂದು, ದಾರಿಯಲ್ಲಿ ಸಿಕ್ಕ ನಾಲ್ಕು ಎಂದಿನಂತೆಗಳಿಗೆ ಚೀಟಿ ಬರೆದು, ಐದನೆಯದಕ್ಕೆ ಬಂದ. ಐದನೆಯ ಪುಟ, ಬಲಗಡೆಯ ಕೊನೆಯ ಅಂಕಣ, ಕೆಳಗೆ ಮುಲಾಮಿನ ಜಾಹೀರಾತು. ಆರು ಸಾಲು. ಲಾರಿ ತಗುಲಿ ವ್ಯಕ್ತಿ ಸಾವು. ಅಣ್ಣನ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿತ್ತು. ಕಾಗದ ಹಳದಿಯಾಗಿತ್ತು, ಮುಟ್ಟಿದರೆ ಅಂಚು ಉದುರುತ್ತಿತ್ತು. ಬಿಟ್ಟುಬಿಡಬಹುದಿತ್ತು. ಹಾಳೆ ತಿರುವಿಹಾಕಿದ್ದರೆ ಕೇಳುವ ಗಂಡು ಈ ಕಚೇರಿಯಲ್ಲಿ ಯಾರಿದ್ದರು? ಆದರೆ ಕೈ ಆಗಲೇ ಹೊಸ ಚೀಟಿ ಎಳೆದುಕೊಂಡು ಬರೆಯತೊಡಗಿತ್ತು, ಅಕ್ಷರಗಳು ಯಾವತ್ತಿನ ಹಾಗೆ ಗುಂಡಗೆ, ಸಮನಾಗಿ ಬಿದ್ದವು. ಬರೆದು ಸಹಿ ಮಾಡಿ ರಟ್ಟಿನ ಪೆಟ್ಟಿಗೆಗೆ ಹಾಕಿದ. ಅಷ್ಟರಲ್ಲಿ ಚಹ ಬಂತು. ಸಕ್ಕರೆ ಕಡಿಮೆಯಿತ್ತು, ಕುಡಿದ.

ಅಣ್ಣನಿಗೆ ಆಗ ಮೂವತ್ತನಾಲ್ಕು, ಅವನಿಗೆ ಇಪ್ಪತ್ತೆರಡು. ಮದುವೆಯಾಗಿ ಮೂರು ವರ್ಷಕ್ಕೆ ಅಣ್ಣನ ಬುದ್ಧಿ ಯಾವುದೋ ಜ್ವರದಲ್ಲಿ ಸಡಿಲವಾಯಿತು. ಜ್ವರ ಇಳಿಯಿತು, ಬುದ್ಧಿ ಮೇಲೇಳಲಿಲ್ಲ. ಕೂಗಾಟ ಇಲ್ಲ, ಹೊಡೆದಾಟ ಇಲ್ಲ. ಊಟಕ್ಕೆ ಕೂರಿಸಿದರೆ ಕೂರುವ, ಎಬ್ಬಿಸಿದರೆ ಏಳುವ. ಶರ್ಟಿನ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ, ಒಂದನ್ನು ಇನ್ನೊಂದರ ಕಾಜಾಕ್ಕೆ ತುರುಕಿ ಅಂಗಿಯನ್ನು ಸೊಟ್ಟ ಮಾಡಿಕೊಂಡು ನಗುತ್ತ ನಿಲ್ಲುತ್ತಿದ್ದ. ಬೆಳಿಗ್ಗೆ ಒಂದು ಸುತ್ತು ತಿರುಗಾಡಿಸಿಕೊಂಡು ಬನ್ನಿ ಎಂದು ಡಾಕ್ಟರು ಹೇಳಿದ್ದರು. ಅದು ತಮ್ಮನ ಕೆಲಸ. ಗೇಟು ದಾಟಿದೊಡನೆ ಅಣ್ಣ ಅವನ ಕಿರುಬೆರಳು ಹಿಡಿಯುತ್ತಿದ್ದ, ಮೀಸೆ ಹೊತ್ತ ದೊಡ್ಡಾಳು. ದಾರಿಯುದ್ದಕ್ಕೂ ಕಂಡ ಪ್ರತಿ ದೀಪದ ಕಂಬವನ್ನೂ ಮುಟ್ಟಿ, ‘ಆಯ್ತು’ ಎಂದು ಹೇಳಿ ಮುಂದೆ ಹೋಗುತ್ತಿದ್ದ. ರಸ್ತೆಯ ತಿರುವಿನಲ್ಲಿ ಟೈಪಿಂಗ್ ಶಾಲೆ. ಆ ವಾರ ಅತ್ತಿಗೆ ತವರಿಗೆ ಹೋಗಿದ್ದಳು, ಅವಳ ತಾಯಿಗೆ ಹುಷಾರಿರಲಿಲ್ಲ. ಹೋಗುವಾಗ ಗೇಟಿನ ಬಳಿ ಚೀಲ ಕೆಳಗಿಟ್ಟು, ‘ಬೆರಳು ಬಿಡಬೇಡ, ಅವರಿಗೆ ದಿಕ್ಕು ತಪ್ಪುತ್ತೆ’ ಎಂದಿದ್ದಳು. ಬುಧವಾರ ಬೆಳಿಗ್ಗೆ ಟೈಪಿಂಗ್ ಶಾಲೆಯ ಮೆಟ್ಟಿಲ ಮೇಲೆ ನಿಂತಿದ್ದ ಹುಡುಗಿಯರಲ್ಲಿ ಒಬ್ಬಳು, ಅವನು ಆರು ತಿಂಗಳಿಂದ ಮಾತಾಡಿಸಬೇಕೆಂದು ಮಾತು ಜೋಡಿಸಿಕೊಳ್ಳುತ್ತಿದ್ದವಳು, ‘ನಿಮ್ಮ ಮಗನ್ನ ಯಾವ ಸ್ಕೂಲಿಗೆ ಸೇರಿಸಿದೀರಿ?’ ಎಂದು ಕೇಳಿದಳು. ಉಳಿದವರು ನಕ್ಕರು. ಅಣ್ಣನೂ ನಕ್ಕ, ಎಲ್ಲರಿಗಿಂತ ಜೋರಾಗಿ. ಗುರುವಾರ ಬೆಳಿಗ್ಗೆ ಅವನು ಅಣ್ಣನಿಗೆ ಅಂಗಿ ತೊಡಿಸಿದ. ಏಳೂ ಗುಂಡಿ ಹಾಕಿದ. ಗೇಟಿನ ತನಕ ಬಂದು, ಕಿರುಬೆರಳು ಬಿಡಿಸಿಕೊಂಡು, ‘ಇವತ್ತು ನೀನೇ ಹೋಗಿ ಬಾ, ನಾನು ಇಲ್ಲೇ ನಿಂತಿರ್ತೀನಿ’ ಎಂದ.

ಆಸ್ಪತ್ರೆಯ ಜಗಲಿಯಲ್ಲಿ ಪತ್ರಿಕೆಯವನೊಬ್ಬ ಬಂದ. ಪಾಪದ ಮನುಷ್ಯ, ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ ಕಾಲೆಳೆಯುತ್ತಿದ್ದ. ‘ದಿನಾ ತಿರುಗಾಡೋಕೆ ಹೋಗ್ತಿದ್ರಾ?’ ಎಂದು ಕೇಳಿದ. ಹೂಂ ಎಂದ. ‘ಒಬ್ಬರೇನಾ?’ ಹೂಂ ಎಂದ. ಎರಡು ಹೂಂ, ಅಷ್ಟೆ. ಉಳಿದದ್ದನ್ನೆಲ್ಲ ಆ ಮನುಷ್ಯ ತನ್ನ ಕಸುಬಿನ ಮಾತಿನಲ್ಲಿ ಬರೆದುಕೊಂಡ. ಮರುದಿನ ಪತ್ರಿಕೆ ಬಂತು, ಅದರ ಮರುದಿನ ಅತ್ತಿಗೆ ಬಂದಳು. ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಬೆರಳು ಯಾಕೆ ಬಿಟ್ಟೆ ಎಂದು ಕೇಳುತ್ತಾಳೆ ಎಂದು ಅವನು ಗೋಡೆಗೆ ಒರಗಿ ಕಾದ. ಅವಳು ಪತ್ರಿಕೆ ಓದಿದಳು, ಇನ್ನೊಮ್ಮೆ ಓದಿದಳು, ಆಸ್ಪತ್ರೆಯವರು ಗುಂಡಿ ಬಿಚ್ಚದೆ ತಲೆಯ ಮೇಲಿಂದಲೇ ತೆಗೆದು ಮಡಿಸಿ ಕೊಟ್ಟಿದ್ದ ಅಂಗಿಯನ್ನು ಬಿಡಿಸಿ ನೋಡಿದಳು. ಒಂದೇ ಒಂದು ಗುಂಡಿ ತಪ್ಪು ಕಾಜಾದಲ್ಲಿರಲಿಲ್ಲ. ಅವಳ ಮುಖದಲ್ಲಿ ಏನೋ ಬೆಳಕಿನಂಥದ್ದು ಬಂತು. ಅದನ್ನು ನೋಡಿದ್ದೇ ತಪ್ಪಾಯಿತು, ಆಮೇಲೆ ಅವನಿಗೆ ಬಾಯಿ ತೆರೆಯಲಾಗಲಿಲ್ಲ. ‘ವಾಸಿಯಾಗ್ತಾ ಬಂದಿತ್ತು’ ಎಂದು ಬಂದಬಂದವರಿಗೆಲ್ಲ ಹೇಳಿದಳು. ‘ನಾನಿಲ್ಲದಾಗ ತಾವೇ ಗುಂಡಿ ಹಾಕ್ಕೊಂಡು ಒಬ್ಬರೇ ಓಡಾಡ್ತಿದ್ರಂತೆ. ಪೇಪರಲ್ಲೂ ಬಂದಿದೆ. ಇನ್ನೊಂದು ಆರು ತಿಂಗಳು ಇದ್ದಿದ್ರೆ ಮೊದಲಿನ ಹಾಗಾಗ್ತಿದ್ರು.’ ಮೂವತ್ತೊಂದು ವರ್ಷವಾಯಿತು, ಈಗಲೂ ಹಾಗೇ ಹೇಳುತ್ತಾಳೆ. ಅವಳಿಗೋಸ್ಕರ ಸುಮ್ಮನಿದ್ದೇನೆ ಎಂದು ಅವನು ತನಗೆ ತಾನೇ ಹೇಳಿಕೊಂಡು ಬಂದಿದ್ದ. ಅದು ಅರ್ಧ ನಿಜ. ಇನ್ನರ್ಧ ಏನೆಂದು ಕೇಳಿಕೊಳ್ಳದೆ ಒಬ್ಬ ಮನುಷ್ಯ ಐವತ್ಮೂರು ವರ್ಷಕ್ಕೆ ಬಂದುಬಿಡಬಹುದು, ಅದೇನೂ ಕಷ್ಟವಲ್ಲ.

ಮಧ್ಯಾಹ್ನ ಮೂರಕ್ಕೆ ತಾಳೆ ನೋಡುವ ಹೊತ್ತು. ಈ ಕಚೇರಿಯಲ್ಲಿ ಚೀಟಿ ಬರೆದವನ ಕೈಗೆ ಮತ್ತೆ ಅದೇ ಚೀಟಿ ಕೊಡುವ ರೂಢಿಯಿಲ್ಲ. ತಾನು ಬರೆದದ್ದನ್ನು ತಾನೇ ನೋಡಿದರೆ ಕಣ್ಣು ತಪ್ಪನ್ನು ಮುಚ್ಚಿಹಾಕುತ್ತದೆ ಎಂದು ಹಿಂದಿನ ಸಂಪಾದಕರು ಮಾಡಿಟ್ಟ ನಿಯಮ. ಬರೆದವನು ಸಂಪುಟ ಹಿಡಿದು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಚೀಟಿಯ ಮೇಲೆ ಸೀಸದಕಡ್ಡಿ ಓಡಿಸಬೇಕು. ಇನ್ನೊಬ್ಬರೆಂದರೆ ಟೀಚರಮ್ಮ, ಶಾಲೆಯಿಂದ ನಿವೃತ್ತರಾಗಿ ಇಲ್ಲಿಗೆ ಬಂದವರು. ಕಿವಿ ಬೆಕ್ಕಿನದು, ಮಾತು ಮಾತ್ರ ಈಗಲೂ ಐದನೇ ಕ್ಲಾಸಿಗೆ ಹೇಳುವ ಹಾಗೆ. ಮೊದಲ ನಾಲ್ಕು ಚೀಟಿ ಸಲೀಸಾಗಿ ಹೋದವು. ಐದನೆಯದಕ್ಕೆ ಅವನು ಸಂಪುಟವನ್ನು ಬೆಳಕಿಗೆ ವಾಲಿಸಿಕೊಂಡು ಓದಿದ:

‘ಮೃತರು ಎಂದಿನಂತೆ ಒಬ್ಬರೇ ವಾಯುಸೇವನೆಗೆ ಹೊರಟಿದ್ದಾಗ...’

‘ನಿಲ್ಲಿ’ ಎಂದರು ಟೀಚರಮ್ಮ. ‘ಇನ್ನೊಂದು ಸಲ ಓದಿ.’

‘ಮೃತರು. ಎಂದಿನಂತೆ. ಒಬ್ಬರೇ. ವಾಯುಸೇವನೆಗೆ...’

‘ಒಬ್ಬರೇ ಇಲ್ಲ ಇಲ್ಲಿ.’

‘ಏನು?’

‘ನೀವು ಒಬ್ಬರೇ ಅನ್ನೋದನ್ನ ಬಿಟ್ಟುಬಿಟ್ಟಿದೀರಿ. ಎಂದಿನಂತೆ ಆದ ಮೇಲೆ ಸೀದಾ ವಾಯುಸೇವನೆಗೆ ಹಾರಿದೀರಿ.’ ಅವರು ಚೀಟಿಯನ್ನು ಹತ್ತಿರ ತಂದು, ದೂರ ಹಿಡಿದು ನೋಡಿದರು. ‘ಇದು ನಿಮ್ಮದೇ ಕೈಬರಹ ತಾನೆ?’

ಅವನದೇ. ಗುಂಡಗೆ, ಸಮನಾಗಿ, ಪದಗಳ ನಡುವೆ ಒಂದು ಬಿರುಕೂ ಇಲ್ಲದ ಹಾಗೆ ಕೈ ಬರೆದಿತ್ತು: ಮೃತರು ಎಂದಿನಂತೆ ವಾಯುಸೇವನೆಗೆ ಹೊರಟಿದ್ದಾಗ. ಅದನ್ನು ನೋಡುತ್ತ ಅವನಿಗೆ ಅನ್ನಿಸಿದ್ದು ಗಾಬರಿಯಲ್ಲ, ನಾಚಿಕೆಯೂ ಅಲ್ಲ. ಚೀಟಿಯ ಮೇಲಿದ್ದದ್ದು ನಿಜವಾಗಿತ್ತು. ಅಣ್ಣ ತಿರುಗಾಡಲು ಎಂದಿನಂತೆ ಹೊರಟದ್ದು ನಿಜ. ಒಂದೇ ಒಂದು ಪದ ಸುಳ್ಳು, ಅದನ್ನು ಕೈ ಬರೆದಿರಲಿಲ್ಲ. ಅವತ್ತು ಅವನು ಆ ಪದವನ್ನು ಹೇಳಿಯೂ ಇರಲಿಲ್ಲ, ಹೂಂ ಎಂದಿದ್ದನಷ್ಟೆ. ಈಗ ಹೇಳಿದ್ದ. ಎರಡು ಸಲ, ಗಟ್ಟಿಯಾಗಿ, ಸ್ಪಷ್ಟ ಉಚ್ಚಾರದಲ್ಲಿ, ಕಚೇರಿಯ ಕೆಲಸದ ವೇಳೆಯಲ್ಲಿ. ಟೀಚರಮ್ಮನ ಕುರ್ಚಿಯ ಹಿಂದೆ ಹಾದುಹೋಗುತ್ತಿದ್ದ ಸಂಪಾದಕರು ನಿಂತು ಬಗ್ಗಿ ನೋಡಿ, ‘ಭೂತಗನ್ನಡಿಗೂ ಕಣ್ಣು ಮಂಜಾಯ್ತೇ! ಎಲ್ಲರೂ ಬನ್ನಿ ಇಲ್ಲಿ, ಬರೆದಿಟ್ಕೊಳ್ಳಿ ಇವತ್ತಿನ ತಾರೀಖು’ ಎಂದರು. ನಾಲ್ಕೈದು ಜನ ನಕ್ಕರು. ಅವನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೇನೆ ಎಂದು ಗೊತ್ತಾಗಿ ನಿಲ್ಲಿಸಿದ.

ಸಂಪಾದಕರು ಚೀಟಿಯನ್ನು ಕೈಗೆ ತೆಗೆದುಕೊಂಡು ಮೂಲದ ಜತೆ ಹಿಡಿದು ಇನ್ನೊಮ್ಮೆ ಓದಿದರು. ‘ವಾಕ್ಯ ಮಾತ್ರ ಒಳ್ಳೇದು ರೀ. ದಿನಾ ಮಾಡೋದನ್ನ ದಿನಾ ಮಾಡೋ ಹಾಗೇ ಮಾಡಿದ್ರು ಅಂತ. ಅಧ್ಯಕ್ಷರು ತಡವಾಗಿ ಬಂದದ್ದಕ್ಕಿಂತ ಇದು ಸ್ವಚ್ಛ. ನಿಘಂಟಲ್ಲಿ ಮೊದಲನೇ ಅರ್ಥಕ್ಕೆ ಉದಾಹರಣೆಯಾಗಿ ಇದನ್ನೇ ಹಾಕೋಣ. ನಾಳೆ ಬೆಳಿಗ್ಗೆ ಸರಿಯಾಗಿ ಬರೆದುಕೊಡಿ, ಅಚ್ಚಿಗೆ ಕಳಿಸಬೇಕು.’

‘ಬೇರೆ ಇನ್ನೂರ ಹನ್ನೊಂದಿದಾವೆ ಸಾರ್’ ಎಂದ ಅವನು.

‘ಇರಲಿ. ಇದೇ ಇರಲಿ. ಒಬ್ಬರೇ ಅನ್ನೋದು ಬಿಡಬೇಡಿ ಮತ್ತೆ, ಅದರಲ್ಲೇ ಇರೋದು ಅದರ ಸತ್ಯ.’

ಕಚೇರಿ ಬಿಟ್ಟ ಮೇಲೆ ಬಸ್ಸು ಹತ್ತಲಿಲ್ಲ, ನಡೆದ. ಬಿಸಿಲು ಇನ್ನೂ ಗೋಡೆಗಳ ಮೇಲಿತ್ತು. ಚಪ್ಪಲಿ ಅಂಗಡಿ, ಬೀಗ ರಿಪೇರಿಯವನು, ಫೋಟೋಗೆ ಕಟ್ಟು ಹಾಕುವ ಅಂಗಡಿ, ಎಲ್ಲವೂ ಅದರದರ ಜಾಗದಲ್ಲಿದ್ದವು. ನಿಘಂಟು ಎಂದರೆ ಇನ್ನು ಐವತ್ತು ವರ್ಷ ಬಾಳುವ ವಸ್ತು. ಯಾವುದೋ ಊರಿನ ಯಾವುದೋ ಹುಡುಗಿ ‘ಎಂದಿನಂತೆ’ ಎಂದರೇನು ಎಂದು ತೆರೆದು ನೋಡುತ್ತಾಳೆ. ಅವಳಿಗೆ ಅಣ್ಣ ಒಬ್ಬನೇ ಹೋಗುವುದು ಕಾಣಿಸುತ್ತದೆ. ಪ್ರತಿದಿನವೂ ಹೋಗುತ್ತಿದ್ದ ಹಾಗೆ. ಅದರಿಂದ ಎದೆ ಬಿರಿಯಬೇಕಿತ್ತು, ಬಿರಿಯಲಿಲ್ಲ. ಎದೆಯ ಜಾಗದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇದ್ದ ಹಾಗಿತ್ತು. ನಡೆಯುತ್ತ ನಡೆಯುತ್ತ ತಾನು ಬಲಗೈಯಿಂದ ದೀಪದ ಕಂಬಗಳನ್ನು ಸವರಿಕೊಂಡು ಬರುತ್ತಿದ್ದೇನೆ ಎಂದು ಏಳನೆಯ ಕಂಬಕ್ಕೆ ಗೊತ್ತಾಯಿತು. ಕೈಯನ್ನು ಜೇಬಿಗೆ ಹಾಕಿಕೊಂಡ.

ಅತ್ತಿಗೆ ಮುಂದಿನ ಕೋಣೆಯ ಕಿಟಕಿಯ ಬಳಿ ಕೂತು ಕಾಜಾ ಹೊಲಿಯುತ್ತಿದ್ದಳು. ರೆಡಿಮೇಡ್ ಅಂಗಡಿಯವರು ವಾರಕ್ಕೆ ನಾಲ್ಕು ಡಜನ್ ಅಂಗಿ ಕಳಿಸುತ್ತಾರೆ, ಕಾಜಾ ಹೊಲಿದು ಗುಂಡಿ ಹಚ್ಚಿ ಕೊಡಬೇಕು. ಅವಳ ಅರವತ್ತೊಂದರ ಕಣ್ಣು ಈಗಲೂ ದಾರವನ್ನು ಒಂದೇ ಸಲಕ್ಕೆ ಪೋಣಿಸುತ್ತದೆ. ‘ಬಿಸಿಲಲ್ಲಿ ನಡ್ಕೊಂಡು ಬಂದ್ಯಾ? ಮುಖ ನೋಡು, ಬದನೆಕಾಯಿ ಆಗಿದೆ’ ಎಂದಳು. ಆಮೇಲೆ, ದಿನಾ ಕೇಳುವ ಹಾಗೆ, ‘ಎಷ್ಟು ಸಿಕ್ತು ಇವತ್ತು?’

‘ಐದು’ ಎಂದ. ಚಪ್ಪಲಿ ಬಿಟ್ಟು, ಎದುರಿನ ಸ್ಟೂಲಿನ ಮೇಲೆ ಕೂತ. ‘ಅದರಲ್ಲಿ ಒಂದು ಅಣ್ಣನದು.’

ಸೂಜಿ ನಿಂತಿತು. ಅವಳು ತಲೆ ಎತ್ತಲಿಲ್ಲ. ‘ಹೌದಾ’ ಎಂದಳು. ‘ಇದ್ದೇ ಇತ್ತಲ್ಲ ಅದರಲ್ಲಿ ಆ ಪದ. ನನಗೆ ಹೊಳೀಲೇ ಇಲ್ಲ ನೋಡು. ಏನಂತ ಬರ್ಕೊಂಡೆ, ಹೇಳು.’

‘ಮೃತರು ಎಂದಿನಂತೆ ವಾಯುಸೇವನೆಗೆ ಹೊರಟಿದ್ದಾಗ’ ಎಂದು ಶುರುಮಾಡಿದ.

‘ಎಂದಿನಂತೆ ಒಬ್ಬರೇ’ ಎಂದಳು ಅತ್ತಿಗೆ. ‘ಒಬ್ಬರೇ ಅಂತಿದೆ ಅದರಲ್ಲಿ. ನನಗೆ ಬಾಯಿಪಾಠ.’

ಟೀಚರಮ್ಮನ ಹಾಗೆ ತಪ್ಪು ತಿದ್ದುವ ದನಿಯಲ್ಲ ಅದು. ಕಳೆದುಹೋದ ಸಾಮಾನನ್ನು ಎತ್ತಿಕೊಡುವ ದನಿ. ಅವನು ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡ. ನಾಳೆ ಬೆಳಿಗ್ಗೆ ಚೀಟಿಯ ಮೇಲೆ ಆ ಪದವನ್ನು ಬರೆಯಬೇಕು, ಇಲ್ಲ ಎನ್ನಲು ನಿಯಮವಿಲ್ಲ. ಇಲ್ಲಿ ಹೇಳದಿದ್ದರೆ ಇನ್ನು ಎಲ್ಲಿಯೂ ಹೇಳುವ ಹಾಗಿರುವುದಿಲ್ಲ.

‘ಅದು ಸುಳ್ಳು ಅತ್ತಿಗೆ’ ಎಂದ. ‘ಅಣ್ಣ ಯಾವತ್ತೂ ಒಬ್ಬನೇ ಹೋಗಿರಲಿಲ್ಲ. ಅವತ್ತೊಂದೇ ದಿನ. ಹುಡುಗೀರು ನಗ್ತಾರೆ ಅಂತ ನಾನೇ ಬೆರಳು ಬಿಡಿಸ್ಕೊಂಡು ಕಳಿಸಿದೆ. ಪೇಪರಿನವನು ಕೇಳಿದಾಗ ಹೂಂ ಅಂದುಬಿಟ್ಟೆ.’

ಅವಳು ದಾರವನ್ನು ಹಲ್ಲಿನಿಂದ ಕಡಿದಳು. ಅಂಗಿಯನ್ನು ಮಡಿಸಿದಳು, ತೋಳುಗಳನ್ನು ಹಿಂದಕ್ಕೆ ಸೇರಿಸಿ, ಕಾಲರು ಮೇಲೆ ಬರುವ ಹಾಗೆ. ಮೂವತ್ತೊಂದು ವರ್ಷ ಅವನು ಕಾದಿದ್ದ ಬೈಗುಳ ಈಗ ಬರುತ್ತದೆ ಎಂದು ಕೂತಿದ್ದ. ಬಂದರೆ ಸಾಕಾಗಿತ್ತು.

‘ಹಾಗಾದ್ರೆ ಗುಂಡಿ?’ ಎಂದಳು.

‘ನಾನು ಹಾಕಿದ್ದು.’

‘ಏಳೂ?’

‘ಏಳೂ.’

‘ಹಾಗಾದ್ರೆ ಅವರಿಗೆ ವಾಸಿ ಆಗಿರಲೇ ಇಲ್ಲ’ ಎಂದಳು ಅತ್ತಿಗೆ. ಅವನಿಗೆ ಹೇಳಿದ ಮಾತಲ್ಲ ಅದು. ಮಡಿಸಿದ ಅಂಗಿಗೆ ಹೇಳಿದ ಹಾಗಿತ್ತು. ಅವಳ ಮುಖದಿಂದ ಹೊರಟುಹೋದದ್ದು ಏನೆಂದು ಅವನಿಗೆ ಗೊತ್ತಿತ್ತು. ಅದು ಬಂದ ದಿನವೂ ನೋಡಿದ್ದ, ಹೋದ ದಿನವೂ ನೋಡಿದ. ತನಗೆ ಹಗುರವಾಗಲಿಲ್ಲ. ಅವಳಿಂದ ಕಿತ್ತುಕೊಂಡದ್ದು ಅವನ ಕೈಗೂ ಬರಲಿಲ್ಲ, ಎಲ್ಲಿಗೆ ಹೋಯಿತೋ.

ಅವಳು ಎದ್ದು, ಸೆರಗಿಗೆ ಅಂಟಿದ್ದ ದಾರದ ಚೂರುಗಳನ್ನು ಕೊಡವಿ, ಬಾಗಿಲು ದಾಟಿ ಅಂಗಳಕ್ಕೆ ಇಳಿದಳು. ಅವನು ಬರಿಗಾಲಲ್ಲಿ ಹಿಂದೆ ಹೋದ. ಗೇಟಿಗೆ ಎಷ್ಟೋ ಸಲ ಬಣ್ಣ ಬಳಿಸಿದ್ದರು, ಗೇಟು ಅದೇ. ರಸ್ತೆ ಎಡಕ್ಕೆ ನೇರವಾಗಿ ಹೋಗಿ, ಈಗ ಬ್ಯಾಂಕಾಗಿರುವ ಟೈಪಿಂಗ್ ಶಾಲೆಯ ಹತ್ತಿರ ತಿರುಗುತ್ತದೆ.

‘ಎಲ್ಲಿ ನಿಂತಿದ್ದೆ?’

‘ಇಲ್ಲೇ’ ಎಂದು ಗೇಟಿನ ಕಂಬ ತೋರಿಸಿದ.

ಅವನು ತೋರಿಸಿದ ಜಾಗದಲ್ಲಿ ಅವಳು ನಿಂತಳು. ಕಣ್ಣಿಗೆ ಕೈ ಅಡ್ಡ ಹಿಡಿದು ತಿರುವಿನ ತನಕ ನೋಡಿದಳು. ಸೈಕಲ್ಲಿನವನೊಬ್ಬ ಬಂದು ಹೋಗುವ ತನಕ ಹಾಗೇ ನಿಂತಿದ್ದಳು.

‘ತಿರುಗಿ ನೋಡಿದ್ರಾ?’ ಎಂದಳು.

‘ನೋಡಿದ.’

‘ಎಷ್ಟು ಸಲ?’

ಎಣಿಸುವುದೇ ಕೆಲಸವಾಗಿದ್ದ ಮನುಷ್ಯ ನೆನಪು ಮಾಡಿಕೊಳ್ಳಬೇಕಾಗಲಿಲ್ಲ.

‘ಮೂರು ಸಲ’ ಎಂದ. ‘ಮೂರೂ ಸಲ ನಾನು, ಹೋಗು ಹೋಗು ಅಂತ ಕೈ ಬೀಸಿದೆ.’